ಬೂಟ್ ಆಗದ ನ್ಯಾಸ್ ಪೆಟ್ಟಿಗೆಯಿಂದ ಕಡತಗಳನ್ನು ಉಳಿಸಿಕೊಳ್ಳುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಮೂರು ನ್ಯಾಸ್ ಪೆಟ್ಟಿಗೆಯ (ನೆಟ್‌ವರ್ಕ್‌ಗೆ ಜೋಡಿಸಿ ಕಡತಗಳನ್ನು ಕೂಡಿಡುವ ಡಿಸ್ಕ್‌ಗಳ ಪೆಟ್ಟಿಗೆ) ಕುರಿತಾಗಿರುವುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರದ ಉತ್ತರ ದೀರ್ಘವಾಗಿದೆ. ಉಳಿದ ಇಬ್ಬರೂ ಅದನ್ನು ಓದಿಕೊಂಡು ತಮ್ಮ ಉತ್ತರಕ್ಕೆ ಬರಬೇಕಾಗಿ ವಿನಂತಿ.

ಪ್ರಶ್ನೆ: ಕಟಪಾಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನಗಳ ಕೆಲಸದ ಜೊತೆಗೆ ಅನೇಕ ವರ್ಷಗಳಿಂದ ಯಕ್ಷಗಾನದ ಪ್ರಸಂಗಗಳನ್ನು ರಾತ್ರಿಯಿಡೀ ಚಿತ್ರೀಕರಿಸುತ್ತಾ ಬಂದಿದ್ದೇನೆ. ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಭಾಗವತಿಕೆಯೂ ಸೇರಿ ಎಲ್ಲವೂ ನಾಲ್ಕು ಡಿಸ್ಕ್‌ಗಳ ಒಂದು ನ್ಯಾಸ್ ಪೆಟ್ಟಿಗೆಯಲ್ಲಿದೆ. ಒಂದೊಂದು ಡಿಸ್ಕ್ 4 ಟಿಬಿಯದು, ಅವನ್ನೆಲ್ಲ ಒಂದಾಗಿ ಬಳಸುವ ಜೋಡಣೆ ರೇಡ್ 5. ಪತ್ತನಾಜೆ ಕಳೆದು ಮೇಳಗಳ ತಿರುಗಾಟ ಮುಗಿದ ಮೇಲೆ ಸಿಡಿಲಿಗೆ ಹೆದರಿ ಪೆಟ್ಟಿಗೆಯನ್ನು ಆಫ್ ಮಾಡಿ ಪ್ಲಗ್ ಕಿತ್ತಿಟ್ಟಿದ್ದೆ. ಈಗ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪವರ್ ಲೈಟು ಮಿನುಗುತ್ತಲೇ ಇರುತ್ತದೆ, ಬೀಪ್ ಶಬ್ದ ಬರುವುದಿಲ್ಲ, ನೆಟ್‌ವರ್ಕ್‌ನಲ್ಲಿಯೂ ಕಾಣಿಸುವುದಿಲ್ಲ. ಒಂದು ಡಿಸ್ಕನ್ನು ತೆಗೆದು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದಾಗ ಅದರಲ್ಲಿ ಏನೂ ಇಲ್ಲ ಎಂಬಂತೆ ತೋರಿಸಿತು. ಫಾರ್ಮ್ಯಾಟ್ ಮಾಡಿದರೆ ಓಪನ್ ಆಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಕಡತಗಳು ಉಳಿದಿವೆಯೇ? ಮುಂದೆ ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಮಾಡಲು ಒಪ್ಪದಿದ್ದುದರಿಂದ ನಿಮ್ಮ ಕಡತಗಳು ಉಳಿದಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್‌ಗೆ ಆ ಡಿಸ್ಕ್ ಅರ್ಥವಾಗದಿರುವುದು ಸಹಜ. ನ್ಯಾಸ್ ಪೆಟ್ಟಿಗೆಯೊಳಗೆ ಇರುವುದು ಲಿನಕ್ಸ್ (ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ) ಆಧಾರಿತ ಒಂದು ಪುಟ್ಟ ಕಂಪ್ಯೂಟರ್. ಅದು ಬರೆದ ವಿಭಾಗಗಳನ್ನು ವಿಂಡೋಸ್ ಓದಲಾರದು. ಅದರ ಮೇಲೆ ರೇಡ್ 5 ಜೋಡಣೆಯಲ್ಲಿ ಪ್ರತಿಯೊಂದು ಕಡತವೂ ತುಂಡುತುಂಡಾಗಿ ಎಲ್ಲ ಡಿಸ್ಕ್‌ಗಳಲ್ಲಿ ಹಂಚಿಹೋಗಿರುತ್ತದೆ. ಒಂದು ತಾಳಮದ್ದಳೆಯ ಅರ್ಥಧಾರಿಗಳನ್ನೆಲ್ಲ ಬೇರೆ ಬೇರೆ ಊರುಗಳಲ್ಲಿ ಕೂರಿಸಿ ಒಬ್ಬೊಬ್ಬರದೇ ಮಾತು ಕೇಳಿದರೆ ಪ್ರಸಂಗ ಅರ್ಥವಾಗದಿರುವಂತೆಯೇ, ಒಂದೇ ಡಿಸ್ಕ್‌ನಿಂದ ನಿಮ್ಮ ವಿಡಿಯೋ ಹೊರಬರುವುದಿಲ್ಲ. ನಾಲ್ಕರಲ್ಲಿ ಕನಿಷ್ಠ ಮೂರು ಸರಿಯಾಗಿದ್ದು ಒಟ್ಟಿಗೆ ಜೋಡಣೆಯಾದಾಗ ಮಾತ್ರ ಕಡತ ಕಡತವಾಗುತ್ತದೆ.

ಪೆಟ್ಟಿಗೆ ಆನ್ ಆಗುವಾಗ ನಡೆಯುವ ಕೆಲಸಗಳ ಕ್ರಮವನ್ನು ಮೊದಲು ತಿಳಿದುಕೊಳ್ಳಿ, ಏಕೆಂದರೆ ಮುಂದಿನ ಪರೀಕ್ಷೆಗಳೆಲ್ಲ ಅದನ್ನೇ ಅವಲಂಬಿಸಿವೆ. ಅಡಾಪ್ಟರ್‌ನಿಂದ ಬಂದ ವಿದ್ಯುತ್ತು ಮದರ್‌ಬೋರ್ಡನ್ನು ಎಬ್ಬಿಸುತ್ತದೆ. ಬೋರ್ಡ್‌ನ ಮೇಲಿರುವ ಸಣ್ಣ ಫ್ಲ್ಯಾಶ್ ಮೆಮೊರಿಯಿಂದ ಬೂಟ್ ಲೋಡರ್ ಓಡುತ್ತದೆ. ಅದು ಕಾರ್ಯಾಚರಣೆ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಸಿನಾಲಜಿ ಕಂಪನಿಯ ಪೆಟ್ಟಿಗೆಗಳಲ್ಲಿ ಈ ವ್ಯವಸ್ಥೆ ಪ್ರತಿ ಡಿಸ್ಕ್‌ನ ಆರಂಭದಲ್ಲಿರುವ ಒಂದು ಚಿಕ್ಕ ವಿಭಾಗದಲ್ಲಿ ಪ್ರತಿಬಿಂಬದಂತೆ ಕುಳಿತಿರುತ್ತದೆ, ನಿಮ್ಮ ಕಡತಗಳಿರುವ ದೊಡ್ಡ ವಿಭಾಗ ಅದಕ್ಕಿಂತ ಬೇರೆ. ಈ ಸಾಲಿನಲ್ಲಿ ವಿದ್ಯುತ್ತು, ಬೋರ್ಡ್, ಬೂಟ್ ಲೋಡರ್, ವ್ಯವಸ್ಥೆಯ ವಿಭಾಗ ಇವುಗಳಲ್ಲಿ ಯಾವುದು ಕೆಟ್ಟರೂ ಪೆಟ್ಟಿಗೆ ಬೂಟ್ ಆಗುವುದಿಲ್ಲ, ಆದರೆ ಇವುಗಳಲ್ಲಿ ಯಾವುದು ಕೆಟ್ಟರೂ ಯಕ್ಷಗಾನದ ಕಡತಗಳಿರುವ ವಿಭಾಗಕ್ಕೆ ಏನೂ ಆಗಿರಬೇಕಾಗಿಲ್ಲ. ಪೆಟ್ಟಿಗೆ ಸತ್ತಿತೆಂದರೆ ಡೇಟಾ ಹೋಯಿತೆಂದು ತಿಳಿದು ಕೈಗೆ ಸಿಕ್ಕಿದ ಬಟನ್ ಒತ್ತುವವರೇ ಹೆಚ್ಚು. ನಾನು ಕಂಡ ಮಟ್ಟಿಗೆ ನಿಜವಾದ ನಷ್ಟ ಆಗುವುದು ಆಮೇಲಿನ ಆ ಗಡಿಬಿಡಿಯಲ್ಲಿಯೇ.

ಆದ್ದರಿಂದ ಸದ್ಯಕ್ಕೆ ಪವರ್ ಬಟನ್ ಮತ್ತೆ ಮತ್ತೆ ಒತ್ತುವುದನ್ನು ನಿಲ್ಲಿಸಿ. ಪ್ಲಗ್ ತೆಗೆದು, ಡಿಸ್ಕ್‌ಗಳನ್ನು ಹೊರತೆಗೆಯುವ ಮೊದಲು ಪ್ರತಿ ಟ್ರೇಯ ಮೇಲೆ ಮಾರ್ಕರ್ ಪೆನ್ನಿನಿಂದ 1, 2, 3, 4 ಎಂದು ಬರೆಯಿರಿ. ಡಿಸ್ಕ್‌ನ ಲೇಬಲ್ ಮೇಲಿರುವ ಸೀರಿಯಲ್ ಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಟ್ರೇಗಳು ಅದಲುಬದಲಾದರೂ ಯಾವುದು ಎಲ್ಲಿತ್ತೆಂದು ಆ ಫೋಟೋ ಹೇಳುತ್ತದೆ. ಹೊರತೆಗೆದ ಡಿಸ್ಕ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ಗೋಡೆಯ ತೇವ ತಾಗದ ಕಡೆ ಬಟ್ಟೆಯ ಮೇಲೆ ಇಡಿ.

ಈಗ ಖಾಲಿ ಪೆಟ್ಟಿಗೆಯ ಪರೀಕ್ಷೆ. ಡಿಸ್ಕ್‌ಗಳಿಲ್ಲದೆ, ಹಿಂಬದಿಗೆ ಚುಚ್ಚಿದ ಯುಎಸ್‌ಬಿ ಡ್ರೈವ್, ಪ್ರಿಂಟರ್, ಯುಪಿಎಸ್ ಕೇಬಲ್‌ಗಳನ್ನೂ ತೆಗೆದು, ಕೇವಲ ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್ ಜೋಡಿಸಿ ಆನ್ ಮಾಡಿ ಹತ್ತು ನಿಮಿಷ ಕಾಯಿರಿ. ಆರೋಗ್ಯವಾಗಿರುವ ಪೆಟ್ಟಿಗೆ ಡಿಸ್ಕ್ ಇಲ್ಲದಿದ್ದರೂ ಬೂಟ್ ಲೋಡರ್‌ವರೆಗೆ ಬಂದು, ಕಂಪನಿಯವರು ಕೊಡುವ ಹುಡುಕುವ ತಂತ್ರಾಂಶದಲ್ಲಿ ಕಾಣಿಸಿಕೊಳ್ಳುತ್ತದೆ. ಸಿನಾಲಜಿಗೆ ಸಿನಾಲಜಿ ಅಸಿಸ್ಟೆಂಟ್, ಕ್ಯೂನ್ಯಾಪ್‌ಗೆ ಕ್ಯೂಫೈಂಡರ್ ಪ್ರೊ ಎಂಬವು ಇವೆ. ಅದರಲ್ಲಿ ಡಿಸ್ಕ್ ಇಲ್ಲವೆಂದೋ ವ್ಯವಸ್ಥೆ ಇನ್‌ಸ್ಟಾಲ್ ಆಗಿಲ್ಲವೆಂದೋ ಬಂದರೆ ಅದು ಒಳ್ಳೆಯ ಸುದ್ದಿ. ಬೋರ್ಡ್ ಬದುಕಿದೆ ಎಂದರ್ಥ.

ಖಾಲಿಯಾಗಿದ್ದರೂ ಎಚ್ಚರಗೊಳ್ಳದಿದ್ದರೆ ತಪ್ಪು ಪೆಟ್ಟಿಗೆಯಲ್ಲಿದೆ, ಡಿಸ್ಕ್‌ಗಳನ್ನು ಸದ್ಯಕ್ಕೆ ಮುಟ್ಟಬೇಕಾಗಿಲ್ಲ. ಮೊದಲು ಅನುಮಾನಿಸಬೇಕಾದದ್ದು ಅಡಾಪ್ಟರನ್ನು. ಫ್ಯಾನ್ ತಿರುಗುತ್ತಿದೆ, ಲೈಟು ಉರಿಯುತ್ತಿದೆ, ಹಾಗಾಗಿ ಕರೆಂಟು ಸರಿಯಾಗಿದೆ ಎಂದು ಬಹಳ ಜನ ತೀರ್ಮಾನಿಸುತ್ತಾರೆ. ಫ್ಯಾನ್ ಕಡಿಮೆ ವೋಲ್ಟೇಜಿನಲ್ಲಿಯೂ ತಿರುಗುತ್ತದೆ, ಪ್ರೊಸೆಸರ್ ಹಾಗಲ್ಲ. ಹಳೆಯದಾದ ಅಡಾಪ್ಟರ್‌ನೊಳಗಿನ ಕೆಪಾಸಿಟರ್‌ಗಳು ಒಣಗಿದಾಗ, ಬರಿದೆ ಮಲ್ಟಿಮೀಟರ್ ಇಟ್ಟು ಅಳೆದರೆ 12 ವೋಲ್ಟ್ ಸರಿಯಾಗಿಯೇ ಕಾಣುತ್ತದೆ. ಹೊರೆ ಬಿದ್ದ ಕ್ಷಣದಲ್ಲಿ ಅದು ಕುಸಿಯುತ್ತದೆ. ಎಲೆಕ್ಟ್ರಾನಿಕ್ಸ್ ರಿಪೇರಿಯವರಲ್ಲಿ ಲೋಡ್ ಕೊಟ್ಟು ಅಳೆಯಲು ಹೇಳಿ. 11.4 ವೋಲ್ಟ್‌ಗಿಂತ ಕೆಳಗೆ ಜಾರಿದರೆ ಆ ಅಡಾಪ್ಟರನ್ನು ಬಿಡಿ. ಬದಲಿ ತರುವಾಗ ವೋಲ್ಟೇಜ್ ಮತ್ತು ಪಿನ್ನಿನ ಧ್ರುವ ಮೊದಲಿನದೇ ಆಗಿರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ನಿಮ್ಮದು ಒಳಗೇ ಪವರ್ ಸಪ್ಲೈ ಇರುವ ಮಾದರಿಯಾದರೆ ಆ ತಗಡಿನ ಡಬ್ಬಿಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ.

ಅಡಾಪ್ಟರ್ ಸರಿ ಇದ್ದರೆ ಮುಂದಿನದು ರ‍್ಯಾಮ್ ಮತ್ತು ಬ್ಯಾಟರಿ. ನಮ್ಮ ಕರಾವಳಿಯ ಮಟ್ಟಿಗೆ ಇದನ್ನು ವಿಶೇಷವಾಗಿ ಹೇಳಬೇಕು. ನಿರಂತರವಾಗಿ ಓಡುವ ಯಂತ್ರ ತನ್ನ ಬಿಸಿಯಿಂದಲೇ ಒಳಗನ್ನು ಒಣಗಿಸಿಟ್ಟುಕೊಂಡಿರುತ್ತದೆ. ಮಳೆಗಾಲದಲ್ಲಿ ಆರಿಸಿಟ್ಟ ಯಂತ್ರದ ಲೋಹದ ಸಂಪರ್ಕಗಳ ಮೇಲೆ ತೇವವೂ ಉಪ್ಪಿನ ಗಾಳಿಯೂ ಕೂರುತ್ತವೆ. ರ‍್ಯಾಮ್ ಪಟ್ಟಿಯನ್ನು ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿದರೆ, ಹೊಳೆಯಬೇಕಾದ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಸುಕಾದ ಕಂದು ಪೊರೆ ಕಾಣಿಸಬಹುದು. ಪವರ್ ಸಾಕೆಟ್ಟಿನ ಬೆಸುಗೆಯ ಸುತ್ತ ಹಸಿರು ಪುಡಿ ಕಟ್ಟಿರುವುದೂ ಉಂಟು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಹಲ್ಲುಗಳನ್ನು ಮೃದುವಾಗಿ ಒರೆಸಿ, ಪೂರ್ತಿ ಆರಿದ ಮೇಲೆ ಪಟ್ಟಿಯನ್ನು ಕ್ಲಿಪ್ ಕಚ್ಚುವವರೆಗೆ ಒತ್ತಿ ಕೂರಿಸಿ. ಬೋರ್ಡ್‌ನಲ್ಲಿ ಸಿಆರ್2032 ಬ್ಯಾಟರಿ ಇದ್ದರೆ ಅದನ್ನು ಬದಲಾಯಿಸಿ. ವಾರಗಟ್ಟಲೆ ಪ್ಲಗ್ ಕಿತ್ತಿಟ್ಟಾಗ ಬಯೋಸ್‌ನ (ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ನೆನಪನ್ನು ಉಳಿಸುವುದು ಅದೊಂದೇ, ಹಳೆಯ ಬ್ಯಾಟರಿ ಬರಿದಾಗಿ ಯಂತ್ರ ಅಲ್ಲಿಯೇ ತಡೆದು ನಿಲ್ಲುವ ಸಂದರ್ಭಗಳಿವೆ. ಓಡುತ್ತಿರುವಷ್ಟು ದಿನ ಚೆನ್ನಾಗಿದ್ದು ಒಮ್ಮೆ ಆಫ್ ಮಾಡಿದ ಮೇಲೆ ಏಳದಿರುವುದಕ್ಕೆ ಇವೆಲ್ಲ ಸಾಮಾನ್ಯ ಕಾರಣಗಳು.

ನೀವು ಪೆಟ್ಟಿಗೆಯ ಮಾದರಿಯನ್ನು ಬರೆದಿಲ್ಲ. ಅದನ್ನು ಒಮ್ಮೆ ನೋಡಿಕೊಳ್ಳಿ. ಇಂಟೆಲ್‌ನ ಆಟಮ್ ಸಿ2000 ಸರಣಿಯ ಪ್ರೊಸೆಸರ್‌ಗಳಲ್ಲಿ ಗಡಿಯಾರದ ಸಂಕೇತ ಕೊಡುವ ಒಂದು ಭಾಗ ಕಾಲಕ್ರಮೇಣ ದುರ್ಬಲವಾಗಿ ಯಂತ್ರ ಬೂಟ್ ಆಗದೆ ಹೋಗಬಹುದೆಂದು ಆ ಸಂಸ್ಥೆಯೇ 2017ರಲ್ಲಿ ತನ್ನ ತಾಂತ್ರಿಕ ದಾಖಲೆಯಲ್ಲಿ ತಿಳಿಸಿತ್ತು. ಸಿನಾಲಜಿಯ ಡಿಎಸ್415+, ಡಿಎಸ್1515+, ಡಿಎಸ್1815+ ಮಾದರಿಗಳಲ್ಲಿ ಇರುವುದು ಈ ಸರಣಿಯ ಪ್ರೊಸೆಸರ್. ಅನುಭವಿ ತಂತ್ರಜ್ಞರು ಬೋರ್ಡ್‌ನ ನಿರ್ದಿಷ್ಟ ಜಾಗದಲ್ಲಿ ಸುಮಾರು 100 ಓಮ್‌ನ ಒಂದು ರೆಸಿಸ್ಟರ್ ಬೆಸೆದು ಇಂಥ ಪೆಟ್ಟಿಗೆಯನ್ನು ಮತ್ತೆ ಎಬ್ಬಿಸುತ್ತಾರೆ. ಆ ರಿಪೇರಿ ಕಡತಗಳನ್ನು ಹೊರತೆಗೆಯುವಷ್ಟು ಕಾಲಕ್ಕೆ ಸಾಕು, ಅದನ್ನು ನಂಬಿ ಇನ್ನೂ ಹತ್ತು ಹಂಗಾಮು ದಾಖಲಿಸಲು ಹೊರಡುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಸಾಧ್ಯತೆ, ಪೆಟ್ಟಿಗೆ ಖಾಲಿಯಾಗಿದ್ದಾಗ ಏಳುತ್ತದೆ, ಡಿಸ್ಕ್ ಹಾಕಿದಾಗ ಏಳುವುದಿಲ್ಲ. ಇಲ್ಲಿ ಡಿಸ್ಕ್‌ಗಳೇ ಕೆಟ್ಟಿವೆ ಎಂದು ಅವಸರದಿಂದ ತೀರ್ಮಾನಿಸಬೇಡಿ. 3.5 ಅಂಗುಲದ ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್‌ನಷ್ಟು ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎಳೆದರೆ 100 ವಾಟ್‌ನ ಹತ್ತಿರ ಬರುತ್ತದೆ. ಪೆಟ್ಟಿಗೆಗಳು ಡಿಸ್ಕ್‌ಗಳನ್ನು ಒಂದಾದ ಮೇಲೊಂದರಂತೆ ಎಬ್ಬಿಸುವುದು ಈ ಕಾರಣಕ್ಕೇ. ದಣಿದ ಅಡಾಪ್ಟರ್ ಇಲ್ಲಿಯೂ ಅದೇ ಲಕ್ಷಣ ತೋರಿಸುತ್ತದೆ. ಪರೀಕ್ಷಿಸಲು ನಿಮ್ಮ ಡಿಸ್ಕ್‌ಗಳನ್ನು ಬಳಸಬೇಡಿ, ಏನೂ ಇಲ್ಲದ ಹಳೆಯ ಡಿಸ್ಕ್ ಒಂದೆರಡನ್ನು ಯಾರಿಂದಲಾದರೂ ತಂದು ಹಾಕಿ ನೋಡಿ.

ನಿಮ್ಮ ನಾಲ್ಕರಲ್ಲಿ ಮೂರನ್ನು ಮಾತ್ರ ಹಾಕಿ ಆನ್ ಮಾಡುವ ಪ್ರಯೋಗಕ್ಕೆ ಎಂದಿಗೂ ಇಳಿಯಬೇಡಿ. ರೇಡ್ ಜೋಡಣೆಯ ಪ್ರತಿ ಡಿಸ್ಕ್‌ನಲ್ಲಿ, ಅದು ಯಾವ ಗುಂಪಿಗೆ ಸೇರಿದ್ದು, ಗುಂಪಿನಲ್ಲಿ ಎಷ್ಟನೆಯದು, ಕೊನೆಯ ಬದಲಾವಣೆ ಯಾವ ಕ್ರಮಾಂಕದ್ದು ಎಂಬ ಮಾಹಿತಿ ಬರೆದಿರುತ್ತದೆ. ಮೂರೇ ಓಡಿದರೆ ಅವುಗಳ ಕ್ರಮಾಂಕ ಮುಂದೆ ಹೋಗುತ್ತದೆ, ಹೊರಗುಳಿದ ನಾಲ್ಕನೆಯದು ಹಳತಾಗುತ್ತದೆ. ಆಮೇಲೆ ಅದನ್ನು ಸೇರಿಸಲು ಹೊರಟರೆ ರೀಬಿಲ್ಡ್, ಅಂದರೆ ಅದರಲ್ಲಿರಬೇಕಾದುದನ್ನೆಲ್ಲ ಮತ್ತೆ ಬರೆಯುವ ಕೆಲಸ, ಆರಂಭವಾಗುತ್ತದೆ. ದಿನಗಟ್ಟಲೆ ನಡೆಯಬಹುದಾದ ಆ ಕೆಲಸದಲ್ಲಿ ಉಳಿದ ಮೂರೂ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಡಿಸ್ಕ್ ಕೈಕೊಟ್ಟರೆ ರೇಡ್ 5ರಲ್ಲಿ ಮುಂದಿನ ದಾರಿಯಿಲ್ಲ.

ಪೆಟ್ಟಿಗೆಯ ಬೋರ್ಡ್ ಹೋಗಿದೆ ಎಂದು ಖಚಿತವಾದರೆ ಕಡತ ಹೊರತೆಗೆಯಲು ಎರಡು ದಾರಿಗಳಿವೆ. ಸುಲಭವಾದದ್ದು ಅದೇ ಕಂಪನಿಯ, ಅದೇ ಅಥವಾ ಹೊಸ ಮಾದರಿಯ, ನಾಲ್ಕು ಡಿಸ್ಕ್‌ಗಳಿಗೆ ಜಾಗವಿರುವ ಇನ್ನೊಂದು ಪೆಟ್ಟಿಗೆ. ಡಿಸ್ಕ್‌ಗಳನ್ನು ಅದೇ ಕ್ರಮದಲ್ಲಿ ಅದರೊಳಗೆ ಇಟ್ಟರೆ, ಇವು ಬೇರೆ ಪೆಟ್ಟಿಗೆಯಿಂದ ಬಂದವೆಂದು ಗುರುತಿಸಿ ಮೈಗ್ರೇಟ್ ಮಾಡಲೇ ಎಂದು ಕೇಳುತ್ತದೆ. ಕಡತಗಳನ್ನು ಉಳಿಸುವ ಆಯ್ಕೆಯನ್ನೇ ಒತ್ತಬೇಕು. ಎಲ್ಲವನ್ನೂ ಅಳಿಸುತ್ತೇನೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದರೆ ಅಲ್ಲಿಂದ ಹಿಂದೆ ಬನ್ನಿ. ಕೊಳ್ಳುವ ಮೊದಲು ಹಳೆಯ ಮಾದರಿಯಿಂದ ಹೊಸದಕ್ಕೆ ಹೀಗೆ ಸಾಗಿಸಬಹುದೇ ಎಂದು ಕಂಪನಿಯ ಸಹಾಯ ಪುಟದಲ್ಲಿ ನೋಡಿಕೊಳ್ಳಿ, ಕಡತ ವ್ಯವಸ್ಥೆ (ಡಿಸ್ಕ್‌ನಲ್ಲಿ ಕಡತಗಳನ್ನು ಇಡುವ ಕ್ರಮ) ಬಿಟಿಆರ್‌ಎಫ್‌ಎಸ್ ಎಂಬುದಾಗಿದ್ದರೆ ಅದನ್ನು ಬೆಂಬಲಿಸದ ಅಗ್ಗದ ಮಾದರಿಗಳಿವೆ.

ಎರಡನೆಯದು ಲಿನಕ್ಸ್ ಕಂಪ್ಯೂಟರ್. ಡಿಸ್ಕ್ ಜೋಡಿಸುವ ನಾಲ್ಕು ಸಾಟಾ ಕಿಂಡಿಗಳು ಖಾಲಿ ಇರುವ ಒಂದು ಡೆಸ್ಕ್‌ಟಾಪ್ ಬೇಕು. ಅದರ ಸ್ವಂತ ಡಿಸ್ಕನ್ನು ಕಳಚಿಟ್ಟು, ಪೆನ್ ಡ್ರೈವ್‌ನಿಂದ ಉಬುಂಟು ಎಂಬ ಲಿನಕ್ಸ್ ಎಬ್ಬಿಸಬಹುದು. ಸಿನಾಲಜಿ ತನ್ನ ಸಹಾಯ ಪುಟದಲ್ಲಿ ಇದಕ್ಕಾಗಿ ಉಬುಂಟುವಿನ ನಿರ್ದಿಷ್ಟ ಆವೃತ್ತಿಯನ್ನೇ ಹೆಸರಿಸುತ್ತದೆ, ಅದನ್ನೇ ಬಳಸುವುದು ಕ್ಷೇಮ. ಎಂಡಿಎಡಿಎಂ ಮತ್ತು ಎಲ್‌ವಿಎಂ ಎಂಬ ಎರಡು ತಂತ್ರಾಂಶಗಳನ್ನು ಅಳವಡಿಸಿದರೆ, ಡಿಸ್ಕ್‌ಗಳಲ್ಲಿ ಬರೆದಿಟ್ಟ ಗುರುತುಗಳನ್ನು ಓದಿ ಅವು ಜೋಡಣೆಯನ್ನು ಮತ್ತೆ ಕಟ್ಟುತ್ತವೆ. ಕಂಪ್ಯೂಟರಿನ ಯಾವ ಕಿಂಡಿಗೆ ಯಾವ ಡಿಸ್ಕ್ ಎಂಬುದು ಇಲ್ಲಿ ಮುಖ್ಯವಲ್ಲ. ಜೋಡಣೆಯನ್ನೂ ಕಡತ ವ್ಯವಸ್ಥೆಯನ್ನೂ ಓದಲು ಮಾತ್ರ ಎಂಬ ಸ್ಥಿತಿಯಲ್ಲಿಯೇ ತೆರೆಯಿರಿ. ಎಂಡಿಎಡಿಎಂನಲ್ಲಿ ಅಸೆಂಬಲ್ ಮತ್ತು ಕ್ರಿಯೇಟ್ ಎಂಬ ಎರಡು ಆಜ್ಞೆಗಳಿವೆ. ಅಸೆಂಬಲ್ ಇರುವ ಗುರುತನ್ನು ಓದಿ ಕೂಡಿಸುತ್ತದೆ. ಕ್ರಿಯೇಟ್ ಆ ಗುರುತಿನ ಮೇಲೆ ಹೊಸದನ್ನು ಬರೆಯುತ್ತದೆ. ಅಂತರ್ಜಾಲದಲ್ಲಿ ಸಿಕ್ಕ ಸಲಹೆಯನ್ನು ನಕಲು ಮಾಡುವಾಗ ಅದರಲ್ಲಿ ಕ್ರಿಯೇಟ್ ಎಂಬ ಪದ ಕಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಈ ಕೆಲಸದ ಅಭ್ಯಾಸ ನಿಮಗಿಲ್ಲದಿದ್ದರೆ ಲಿನಕ್ಸ್ ದಿನನಿತ್ಯ ಬಳಸುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಉಡುಪಿ, ಮಣಿಪಾಲ, ಮಂಗಳೂರುಗಳಲ್ಲಿ ಅಂಥವರು ಸಿಗುವುದು ಕಷ್ಟವಲ್ಲ.

ಡಿಸ್ಕ್‌ಗಳನ್ನು ಯುಎಸ್‌ಬಿ ಡಾಕ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಬಹುದೇ ಎಂದು ಕೇಳುವವರಿದ್ದಾರೆ. ಕೆಲವು ಡಾಕ್‌ಗಳು 2 ಟಿಬಿಗಿಂತ ದೊಡ್ಡ ಡಿಸ್ಕ್‌ಗಳ ಸೆಕ್ಟರ್ (ಡಿಸ್ಕ್ ಓದಿ ಬರೆಯುವ ಅತಿ ಸಣ್ಣ ತುಂಡು) ಗಾತ್ರವನ್ನು ಬದಲಿಸಿ ತೋರಿಸುವುದರಿಂದ ಸರಿಯಾಗಿರುವ ವಿಭಾಗವೂ ಕಾಣದೆ ಹೋಗುತ್ತದೆ. ನೇರ ಸಾಟಾ ಕೇಬಲ್ ಇದ್ದರೆ ಆ ಗೊಂದಲವಿಲ್ಲ.

ಜೋಡಣೆ ಕಟ್ಟುವ ಮೊದಲು ಪ್ರತಿ ಡಿಸ್ಕ್‌ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯನ್ನು ನೋಡಿ. ಬದಲಾಯಿಸಿದ ಸೆಕ್ಟರ್‌ಗಳು, ಬಾಕಿ ಇರುವ (ಓದಲು ತೊಡಕಾಗುತ್ತಿರುವ) ಸೆಕ್ಟರ್‌ಗಳು ಎಂಬ ಎರಡು ಸಾಲುಗಳಲ್ಲಿ ಸೊನ್ನೆ ಇರಬೇಕು. ಬಾಕಿ ಸೆಕ್ಟರ್‌ಗಳ ಸಂಖ್ಯೆ ಏರುತ್ತಿರುವ ಡಿಸ್ಕ್ ಇದ್ದರೆ ಅದನ್ನು ಹಾಗೆಯೇ ಓದಲು ಹೋಗದೆ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಅಷ್ಟೇ ಅಥವಾ ಹೆಚ್ಚು ಗಾತ್ರದ ಹೊಸ ಡಿಸ್ಕಿಗೆ ಮೊದಲು ನಕಲು ತೆಗೆಯಿರಿ. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಭಾಗಗಳಿಗೆ ಆಮೇಲೆ ಮರಳುತ್ತದೆ, ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಒಂದು ಕಡತದಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಲೂ ಆಗುತ್ತದೆ. ಟಕ್ ಟಕ್ ಎಂದು ಸದ್ದು ಮಾಡುವ, ಅಥವಾ ತಿರುಗಲು ಆರಂಭಿಸಿ ನಿಂತುಬಿಡುವ ಡಿಸ್ಕ್‌ಗೆ ಮಾತ್ರ ಮತ್ತೆ ಕರೆಂಟು ಕೊಡಬೇಡಿ. ಉಳಿದ ಮೂರು ಚೆನ್ನಾಗಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ. ಅಂಥವು ಎರಡಿದ್ದರೆ ಡಿಸ್ಕ್ ಬಿಚ್ಚಲು ಧೂಳುರಹಿತ ಕೋಣೆಯಿರುವ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ನಾಲ್ಕನ್ನೂ ಒಟ್ಟಿಗೆ ಕಳುಹಿಸಬೇಕು. ಒಪ್ಪಿಸುವ ಮೊದಲು ಖರ್ಚಿನ ಅಂದಾಜನ್ನೂ, ಕಡತ ಸಿಗದಿದ್ದರೆ ಎಷ್ಟು ಕೊಡಬೇಕೆಂಬುದನ್ನೂ ಲಿಖಿತವಾಗಿ ಪಡೆಯಿರಿ. ಡಿಸ್ಕನ್ನು ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ನಮ್ಮ ಹವೆಯಲ್ಲಿ ಹೊರತೆಗೆದ ಕೂಡಲೇ ಅದರ ಮೇಲೆ ನೀರಿನ ಹನಿ ಕಟ್ಟುತ್ತದೆ, ದಯವಿಟ್ಟು ಆ ಗೋಜಿಗೆ ಹೋಗಬೇಡಿ.

ಬೋರ್ಡ್, ಅಡಾಪ್ಟರ್, ಡಿಸ್ಕ್ ಎಲ್ಲವೂ ಸರಿ ಇದ್ದು ವ್ಯವಸ್ಥೆಯ ವಿಭಾಗ ಮಾತ್ರ ಕೆಟ್ಟಿದ್ದರೆ ಅದನ್ನು ಮತ್ತೆ ಅಳವಡಿಸಬೇಕಾಗುತ್ತದೆ. ಸಿನಾಲಜಿಯಲ್ಲಿ ಹಿಂಬದಿಯ ರಿಸೆಟ್ ಗುಂಡಿಯನ್ನು ಬೀಪ್ ಬರುವವರೆಗೆ ಸುಮಾರು 4 ಸೆಕೆಂಡು ಒತ್ತಿ ಬಿಟ್ಟು, 10 ಸೆಕೆಂಡಿನೊಳಗೆ ಮತ್ತೆ 4 ಸೆಕೆಂಡು ಒತ್ತಿದರೆ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುವ ಪುಟ ತೆರೆದುಕೊಳ್ಳುತ್ತದೆ, ಕಡತಗಳ ವಿಭಾಗ ಹಾಗೆಯೇ ಉಳಿಯುತ್ತದೆ. ಒಂದೇ ಸಲ ಒತ್ತಿದರೆ ನಿರ್ವಾಹಕರ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಮೊದಲಿನಂತಾಗುತ್ತವೆ. ಬೇರೆ ಕಂಪನಿಗಳಲ್ಲಿ ಈ ಗುಂಡಿಯ ಅರ್ಥ ಬೇರೆ, ಆದ್ದರಿಂದ ನಿಮ್ಮ ಮಾದರಿಯ ಕೈಪಿಡಿ ಓದದೆ ಒತ್ತಬೇಡಿ. ರಿಸೆಟ್ ಕೆಲಸ ಮಾಡಬೇಕಾದರೆ ಪೆಟ್ಟಿಗೆ ಮೊದಲು ಬೂಟ್ ಲೋಡರ್‌ವರೆಗಾದರೂ ಏಳಬೇಕು. ಈಗಿರುವ ಸ್ಥಿತಿಯಲ್ಲಿ, ಲೈಟು ಮಿನುಗುತ್ತಿರುವಾಗ ಒತ್ತಿ ಪ್ರಯೋಜನವಿಲ್ಲ. ನನ್ನ ಅಭಿಪ್ರಾಯದಲ್ಲಿ, ಲಿನಕ್ಸ್ ಕಂಪ್ಯೂಟರಿನಲ್ಲಿ ಕಡತಗಳನ್ನು ನಕಲು ಮಾಡಿಕೊಳ್ಳಲು ಸಾಧ್ಯವಿದ್ದರೆ ಮೊದಲು ಆ ಕೆಲಸ ಮುಗಿಸಿ, ಆಮೇಲೆ ಮರುಅಳವಡಿಕೆಗೆ ಕೈ ಹಾಕುವುದು ಸರಿ.

ನಕಲಿಗೆ ಎಷ್ಟು ಜಾಗ, ಎಷ್ಟು ಸಮಯ ಬೇಕೆಂದು ಮೊದಲೇ ಲೆಕ್ಕ ಹಾಕಿ. ನಾಲ್ಕು 4 ಟಿಬಿ ಡಿಸ್ಕ್‌ಗಳ ರೇಡ್ 5ರಲ್ಲಿ ಬಳಕೆಗೆ ಸಿಗುವುದು 12 ಟಿಬಿ. ಅದು ತುಂಬಿದ್ದರೆ, ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಸಾಗಿಸಲು 22 ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತು ಮಳೆಗಾಲದಲ್ಲಿ ಕರೆಂಟು ಹೋಗದೆ ಇರುತ್ತದೆಂದು ಲೆಕ್ಕವಿಡಬೇಡಿ, ಯುಪಿಎಸ್ ಬೇಕು. ಕ್ಯಾಸೆಟ್‌ನಿಂದ ಇಳಿಸಿದ ಭಾಗವತಿಕೆ, ಈಗ ಇಲ್ಲದ ಕಲಾವಿದರ ವೇಷಗಳು, ಇವನ್ನು ಮೊದಲು ಎತ್ತಿಕೊಳ್ಳಿ. ಮದುವೆಯ ವಿಡಿಯೋದ ಒಂದು ಪ್ರತಿ ಆ ಮನೆಯವರಲ್ಲಿ ಇದ್ದೀತು. ಆ ರಾತ್ರಿಗಳ ಆಟಕ್ಕೆ ನಿಮ್ಮಲ್ಲಿರುವುದೇ ಕೊನೆಯ ಪ್ರತಿಯಾಗಿರಬಹುದು, ಅದು ನಿಮ್ಮೊಬ್ಬರ ಸೊತ್ತಷ್ಟೇ ಅಲ್ಲ.

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿರುವ ನಮ್ಮ ತೆರಿಗೆ ಸಲಹಾ ಕಚೇರಿಯಲ್ಲಿ ಎರಡು ಡಿಸ್ಕ್‌ಗಳ ಹಳೆಯ ನ್ಯಾಸ್ ಇದೆ. ರೇಡ್ 1 ಎಂದು ಅಳವಡಿಸಿದವರು ಹೇಳಿದ್ದರು. ಪೆಟ್ಟಿಗೆ ಪೂರ್ತಿ ಸತ್ತಿದೆ, ಲೈಟೂ ಬರುವುದಿಲ್ಲ. ರಿಟರ್ನ್ ಸಲ್ಲಿಸುವ ಗಡುವು ಹತ್ತಿರವಿದೆ. ಆ ಕಂಪನಿ ಈಗ ಈ ಮಾದರಿಯನ್ನು ಮಾರುತ್ತಿಲ್ಲ. ಏನು ಮಾಡಬಹುದು?

ಉತ್ತರ: ಲೈಟೇ ಬರದಿದ್ದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ, ಅಷ್ಟಕ್ಕೇ ಮುಗಿಯುವ ಪ್ರಕರಣಗಳು ಬಹಳ. ಮುಗಿಯದಿದ್ದರೂ ನಿಮ್ಮ ಸ್ಥಿತಿ ಕಟಪಾಡಿಯ ಓದುಗರದಕ್ಕಿಂತ ಹಗುರವಾಗಿದೆ. ರೇಡ್ 1ರಲ್ಲಿ ಎರಡೂ ಡಿಸ್ಕ್‌ಗಳಲ್ಲಿ ಅದೇ ಕಡತಗಳು ಪೂರ್ತಿಯಾಗಿ ಇರುತ್ತವೆ. ಹಾಗಾಗಿ ಒಂದೇ ಡಿಸ್ಕನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಜೋಡಣೆಯನ್ನು ಒಂಟಿ ಸದಸ್ಯನಿಂದಲೇ ಆರಂಭಿಸುವಂತೆ ಹೇಳಿ, ಓದಲು ಮಾತ್ರ ತೆರೆದು ನಕಲು ಮಾಡಿಕೊಳ್ಳಬಹುದು. ಎರಡನೆಯ ಡಿಸ್ಕನ್ನು ಮುಟ್ಟದೆ ಬೀರುವಿನಲ್ಲಿಡಿ. ಮೊದಲನೆಯದರಲ್ಲಿ ಏನಾದರೂ ಎಡವಟ್ಟಾದರೆ ಅದೇ ಗತಿ. ಗಡುವಿನ ಅವಸರದಲ್ಲಿ ಎರಡನ್ನೂ ಒಮ್ಮೆಲೇ ಹೊಸ ಪೆಟ್ಟಿಗೆಯೊಳಗೆ, ಅದರಲ್ಲಿಯೂ ಬೇರೆ ಕಂಪನಿಯದರೊಳಗೆ ಇಟ್ಟು ಆನ್ ಮಾಡುವುದು ಅತ್ಯಂತ ಅಪಾಯಕರ. ಅದು ತನ್ನ ವ್ಯವಸ್ಥೆಯನ್ನು ಅಳವಡಿಸುವ ಮೊದಲು ಡಿಸ್ಕ್‌ಗಳನ್ನು ಅಳಿಸಲು ಅನುಮತಿ ಕೇಳುತ್ತದೆ, ಯಾರೋ ಒಬ್ಬರು ಓಕೆ ಒತ್ತುತ್ತಾರೆ.

ಅಳವಡಿಸಿದವರ ಮಾತಿನ ಜೊತೆಗೆ ಇನ್ನೊಂದನ್ನು ಪರಿಶೀಲಿಸಿ. ಎರಡು ಡಿಸ್ಕ್‌ಗಳ ಪೆಟ್ಟಿಗೆಯನ್ನು ಹೆಚ್ಚು ಜಾಗದ ಆಸೆಗೆ ರೇಡ್ 0 ಅಥವಾ ಜೇಬಾಡ್ ಆಗಿ, ಅಂದರೆ ಎರಡನೆಯ ಪ್ರತಿ ಇಡದೆ, ಇಟ್ಟಿರುವುದೂ ಉಂಟು. ಡಿಸ್ಕ್‌ನಲ್ಲಿರುವ ಗುರುತನ್ನು ಎಂಡಿಎಡಿಎಂ ಓದಿದಾಗ ಇದು ಗೊತ್ತಾಗುತ್ತದೆ. ಹಾಗಿದ್ದರೆ ಎರಡೂ ಬೇಕೇ ಬೇಕು. ಕಕ್ಷಿದಾರರ ಫೋಲ್ಡರುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಕೀ ಕಡತ ಅಥವಾ ಪಾಸ್‌ಫ್ರೇಸ್ ಎಲ್ಲಿದೆ ಎಂದು ಈಗಲೇ ಹುಡುಕಿ. ಅದಿಲ್ಲದೆ ಡಿಸ್ಕ್ ಎಷ್ಟು ಆರೋಗ್ಯವಾಗಿದ್ದರೂ ಕಡತ ತೆರೆಯಲಾಗದು. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್‌ನಂಥ ಹಳೆಯ ಪೆಟ್ಟಿಗೆಗಳಲ್ಲಿ ಕಡತ ವ್ಯವಸ್ಥೆಯ ಬ್ಲಾಕ್ ಗಾತ್ರ 64 ಕೆಬಿ ಇರುವುದರಿಂದ ಸಾಮಾನ್ಯ ಕಂಪ್ಯೂಟರಿನ ಲಿನಕ್ಸ್ ಅದನ್ನು ಮೌಂಟ್ ಮಾಡಲು (ತೆರೆಯಲು) ನಿರಾಕರಿಸಬಹುದು. ಅದನ್ನು ಕಂಡು ಡಿಸ್ಕ್ ಕೆಟ್ಟಿದೆ ಎಂದು ತಿಳಿಯಬೇಡಿ. ಫ್ಯೂಸ್ ಇಎಕ್ಸ್‌ಟಿ2 ಎಂಬ ತಂತ್ರಾಂಶದಿಂದ ಅಂಥದನ್ನೂ ಓದಬಹುದು.

ಪ್ರಶ್ನೆ: ಸುರತ್ಕಲ್‌ನ ನಮ್ಮ ಮನೆ ಕಡಲಿಗೆ ಬಹಳ ಹತ್ತಿರ. ಒಂದು ನ್ಯಾಸ್ ಕೊಂಡು ಕುಟುಂಬದ ಫೋಟೋಗಳನ್ನೆಲ್ಲ ಅದರಲ್ಲಿಟ್ಟಿದ್ದೇವೆ. ಮಳೆಗಾಲದಲ್ಲಿ ಅದನ್ನು ಆಫ್ ಮಾಡಿಡಬೇಕೇ, ಓಡಿಸುತ್ತಲೇ ಇರಬೇಕೇ?

ಉತ್ತರ: ತಿಂಗಳುಗಟ್ಟಲೆ ಆಫ್ ಮಾಡಿಡುವುದಕ್ಕಿಂತ ಓಡಿಸುತ್ತಿರುವುದೇ ಮೇಲು ಎಂಬುದು ನನ್ನ ನಿಲುವು, ಕಾರಣವನ್ನು ಮೊದಲ ಉತ್ತರದಲ್ಲಿ ಹೇಳಿದ್ದೇನೆ. ಆದರೆ ಗುಡುಗು ಸಿಡಿಲಿನ ಸಂಜೆಗಳಲ್ಲಿ, ಮುಖ್ಯವಾಗಿ ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಗೂ ಅಕ್ಟೋಬರಿನ ಹಿಂಗಾರಿಗೂ, ಸರಿಯಾಗಿ ಶಟ್‌ಡೌನ್ ಮಾಡಿ ಪ್ಲಗ್ ತೆಗೆಯಿರಿ. ಪ್ಲಗ್ ತೆಗೆದು ಲ್ಯಾನ್ ಕೇಬಲನ್ನು ಹಾಗೆಯೇ ಬಿಡುವವರು ಬಹಳ. ಸಿಡಿಲಿನ ಆಘಾತ ಹೊರಗಿನಿಂದ ಬರುವ ಟೆಲಿಫೋನ್ ಅಥವಾ ಕೇಬಲ್ ತಂತಿಯಿಂದ ರೂಟರ್ ಮೂಲಕ ಆ ದಾರಿಯಲ್ಲಿಯೂ ಬರುತ್ತದೆ, ಅದನ್ನೂ ಕಳಚಿ. ಮೋಡ ಸರಿದ ಮೇಲೆ ಮತ್ತೆ ಆನ್ ಮಾಡಿ.

ಯುಪಿಎಸ್ ಕೊಂಡರೆ ನ್ಯಾಸ್‌ಗೆ ಯುಎಸ್‌ಬಿ ಕೇಬಲ್ ಮೂಲಕ ಮಾಹಿತಿ ಕೊಡುವಂಥದ್ದನ್ನು ಕೊಳ್ಳಿ, ಬ್ಯಾಟರಿ ಇಳಿಯುತ್ತಿದ್ದಂತೆ ಪೆಟ್ಟಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಬಳಿ ಅಳತೆ ಮಾಡಿಸಿ, ಅದಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಹೆಚ್ಚೇನೂ ಮಾಡಲಾರದು. ಪೆಟ್ಟಿಗೆಯನ್ನು ಪಶ್ಚಿಮದ ಕಿಟಕಿಯಿಂದಲೂ ಮಳೆಗೆ ಒದ್ದೆಯಾಗುವ ಗೋಡೆಯಿಂದಲೂ ದೂರ, ಗಾಳಿ ಆಡುವ ಕಡೆ ಇಡಿ. ತೇವಕ್ಕೆ ಹೆದರಿ ಮುಚ್ಚಿದ ಬೀರುವಿನೊಳಗೆ ಇಟ್ಟರೆ ಡಿಸ್ಕ್‌ಗಳು ಬಿಸಿಯಾಗುತ್ತವೆ.

ರೇಡ್ ಇದೆ, ಹಾಗಾಗಿ ಬ್ಯಾಕಪ್ ಬೇಡ ಎಂದು ನೀವು ಭಾವಿಸಿಲ್ಲವೆಂದು ಆಶಿಸುತ್ತೇನೆ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಯುತ್ತದೆ. ಕೈತಪ್ಪಿ ಅಳಿಸಿದ್ದನ್ನೂ, ಸಿಡಿಲು ಇಡೀ ಪೆಟ್ಟಿಗೆಯನ್ನು ಸುಟ್ಟಾಗಲೂ ಅದು ಕಾಯಲಾರದು. ಒಂದು ಹೊರಗಿನ ಯುಎಸ್‌ಬಿ ಡಿಸ್ಕಿಗೆ ತಿಂಗಳಿಗೊಮ್ಮೆ ಎಲ್ಲ ಫೋಟೋಗಳನ್ನೂ ನಕಲು ಮಾಡಿ, ಅದನ್ನು ಕಳಚಿ, ಸಾಧ್ಯವಾದರೆ ಊರಿನಲ್ಲಿರುವ ಸಂಬಂಧಿಕರ ಮನೆಯಲ್ಲಿಡಿ. ನಕಲು ಮಾಡಿದ ಮೇಲೆ ಹತ್ತಾರು ಫೋಟೋಗಳನ್ನು ಆ ಡಿಸ್ಕಿನಿಂದಲೇ ತೆರೆದು ನೋಡಿ. ಇದರ ಜೊತೆಗೆ ನ್ಯಾಸ್‌ನ ಮಾದರಿ, ರೇಡ್ ಬಗೆ, ಕಡತ ವ್ಯವಸ್ಥೆಯ ಹೆಸರು, ಯಾವ ಕಿಂಡಿಯಲ್ಲಿ ಯಾವ ಸೀರಿಯಲ್ ಸಂಖ್ಯೆಯ ಡಿಸ್ಕ್ ಎಂಬಿಷ್ಟನ್ನು ಒಂದು ಕಾಗದದಲ್ಲಿ ಬರೆದು ಮನೆಯ ಕಾಗದಪತ್ರಗಳೊಂದಿಗೆ ಇಡಿ. ಅದನ್ನು ನ್ಯಾಸ್‌ನೊಳಗಿನ ಕಡತದಲ್ಲಿ ಬರೆದಿಟ್ಟರೆ ಬೇಕಾದ ದಿನ ಸಿಗುವುದಿಲ್ಲ.